ಹೃದಯ ಸ್ತಂಭನವಾಗಿ ಕುಸಿದವರನ್ನು ಆಂಬುಲೆನ್ಸ್‌ಗೆ ಕಾಯದೆ ಆಟೋದಲ್ಲೇ ಆಸ್ಪತ್ರೆಗೆ ಒಯ್ಯಬಹುದೇ?

ದಯವಿಟ್ಟು ಬೇಡ. ಗಾಬರಿಯಲ್ಲಿ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಆಟೋ, ನಿಜ. ಆದರೆ ಸೀಟಿನಲ್ಲಿ ಮೈ ಮಡಚಿಕೊಂಡಿರುತ್ತದೆ, ಬೆನ್ನಿನಡಿ ಗಟ್ಟಿ ನೆಲವಿಲ್ಲ, ಎದೆ ಒತ್ತಲಾಗದು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಷ್ಟೂ ಹೊತ್ತು ಮೆದುಳಿಗೆ ರಕ್ತ ಹೋಗುವುದಿಲ್ಲ. ಸಿಪಿಆರ್ (ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ತುರ್ತು ಚಿಕಿತ್ಸೆ) ಇಲ್ಲದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ.

ಕರೆದರೂ ತಟ್ಟಿದರೂ ಎಚ್ಚರವಿಲ್ಲ, ಉಸಿರಾಟ ಸರಿಯಿಲ್ಲ ಎಂದರೆ ಸಾಕು, ನಾಡಿ ಹುಡುಕುತ್ತಾ ಕೂರಬೇಡಿ. ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರಗೊರ ಎಳೆಯುವುದನ್ನು ಅನೇಕರು ಉಸಿರು ಅಂದುಕೊಂಡು ಸುಮ್ಮನಾಗುತ್ತಾರೆ, ಅದು ಉಸಿರಾಟವಲ್ಲ. ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರ್‌ನಲ್ಲಿಡಲಿ, ಹತ್ತಿರದ ದೇವಸ್ಥಾನವನ್ನೋ ಬಸ್ ಸ್ಟಾಪನ್ನೋ ಗುರುತು ಹೇಳಲಿ (ನಮ್ಮ ಕ್ರಾಸು, ಮೇನುಗಳ ನಡುವೆ ಬರೀ ಮನೆ ನಂಬರ್ ಸಾಲದು). ಇನ್ನೊಬ್ಬರು ತಕ್ಷಣ ಒತ್ತಲು ಶುರು ಮಾಡಲಿ. ಎದೆಯ ನಟ್ಟನಡುವೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ನೆಟ್ಟಗೆ. 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು. ಕೈ ಬೇಗ ಸೋಲುತ್ತದೆ. 2 ನಿಮಿಷಕ್ಕೊಮ್ಮೆ ಬದಲಾಗಿ. ಪಕ್ಕೆಲುಬು ಮುರಿದೀತೆಂದು ನಿಲ್ಲಿಸಬೇಡಿ, ಜೀವ ದೊಡ್ಡದು. ಬಾಯಿಗೆ ನೀರು ಹಾಕಲೇಬೇಡಿ.

ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರ ಹತ್ತಿರವಿದ್ದರೆ ತರಿಸಿ. ಹೃದಯದ ಲಯವನ್ನು ಅದೇ ನೋಡುತ್ತದೆ, ಬೇಕಿದ್ದರೆ ಮಾತ್ರ ಶಾಕ್ ಕೊಡುತ್ತದೆ. ಪ್ರತಿ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿಗೂ ಸಿಪಿಆರ್ ಕಲಿಸಲೇಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ. ಕೂಗಿದರೆ ಮೊದಲು ಓಡಿಬರುವವರು ಅವರೇ.

ಎಚ್ಚರವಿದ್ದು ಎದೆನೋವು ಎನ್ನುವವರ ವಿಷಯ ಬೇರೆ. ಅವರಿಗೆ ಸಿಪಿಆರ್ ಬೇಡ. ನಡೆಸದೆ, ಮೆಟ್ಟಿಲು ಹತ್ತಿಸದೆ, ಬೇಗ ಆಸ್ಪತ್ರೆಗೆ ಸೇರಿಸಿ.