ಬೋಲ್ಟ್ ಹಾಕಿ ಎಳೆಯಬೇಡ ಮಾರಾಯ

ತೀರ್ಥಹಳ್ಳಿಯಿಂದ ಅಮೆರಿಕದ ಓಹಿಯೋಗೆ ಹೊಸದಾಗಿ ಬಂದಿದ್ದೀಯ, ನಾನು ಶಿವಮೊಗ್ಗದವನು, ಹಾಗಾಗಿ ತಮ್ಮಾ ಅಂತಲೇ ಕರೆಯುತ್ತೇನೆ. ಇಲ್ಲಿ ಎಲ್ಲರೂ ಗಾಡಿ ಕೆಲಸ ತಾವೇ ಮಾಡಿಕೊಳ್ಳುತ್ತಾರಾ ಅಂತ ಕೇಳಿದ್ದೀಯ. ಜೊತೆಗೆ, ಹಳೇ ಹೋಂಡಾ ಸಿವಿಕ್ ಕಾರಿಗೆ ಹೊಸ ಕ್ಲಚ್ ಹಾಕಿದ್ದಾಯ್ತು, ಗೇರ್‌ಬಾಕ್ಸ್ ಎಂಜಿನ್‌ಗೆ ಅರ್ಧ ಇಂಚು ಬಿಟ್ಟು ನಿಂತುಬಿಟ್ಟಿದೆ, ಬೋಲ್ಟ್ ಬಿಗಿ ಮಾಡಿ ಎಳೆದುಬಿಡಲಾ ಅಂತ ಕೇಳಿದ್ದೀಯ. ಎರಡನೆಯದು ಅರ್ಜೆಂಟ್. ಬೇಡ, ಸ್ಪ್ಯಾನರ್ ಕೆಳಗಿಡು.

ಸರಿಯಾಗಿ ನೇರ ಬಂದರೆ ಗೇರ್‌ಬಾಕ್ಸ್ ಕೈಯಲ್ಲಿ ತಳ್ಳಿದರೇ ಎಂಜಿನ್‌ಗೆ ಹೋಗಿ ಕೂರುತ್ತದೆ. ಬೋಲ್ಟ್ ಇರುವುದು ಕೂತದ್ದನ್ನು ಹಿಡಿದಿಡೋಕೆ. ಅದರಿಂದ ಎಳೆದರೆ ಬಾಕ್ಸಿನ ಅಲ್ಯೂಮಿನಿಯಂ ಹೌಸಿಂಗಿನಲ್ಲಿ ಬೋಲ್ಟ್ ಕೂರುವ ಕಿವಿ ಒಡೆಯುತ್ತದೆ, ಇಲ್ಲವೇ ಹೊಸ ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ.

ಎಷ್ಟು ದೂರದಲ್ಲಿ ನಿಂತಿದೆ ಅನ್ನೋದೇ ಕಾರಣ ಹೇಳುತ್ತದೆ. ಒಂದೆರಡು ಇಂಚು ಇರುವಾಗಲೇ ನಿಂತರೆ ಗೇರ್‌ಬಾಕ್ಸ್ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿನ ಹಲ್ಲಿಗೆ ಕೂತಿಲ್ಲ ಅಂತ. ಆಗ ಯಾರಾದರೂ ಕ್ರ್ಯಾಂಕ್ ಪುಲ್ಲಿಯ (ಎಂಜಿನ್ನಿನ ಬೆಲ್ಟ್ ಓಡುವ ಚಕ್ರ) ಬೋಲ್ಟ್ ಹಿಡಿದು, ಎಂಜಿನ್ ತಿರುಗುವ ದಿಕ್ಕಿಗೇ, ಒಂಚೂರು ತಿರುಗಿಸಬೇಕು. ನಿನ್ನದು ಅರ್ಧ ಇಂಚು. ಹಲ್ಲು ಬಹುಶಃ ಕೂತಿವೆ, ಬಾಕ್ಸ್ ಓರೆಯಾಗಿದೆ, ಅಥವಾ ಪ್ಲೇಟ್ ನಡುವಿಗೆ ಇಲ್ಲ. ಟಾರ್ಚ್ ಹಿಡಿದು ಸುತ್ತಲೂ ಸಂದು ನೋಡು. ಮೇಲೆ ಜಾಸ್ತಿ, ಕೆಳಗೆ ಕಡಿಮೆ ಇದ್ದರೆ ಬಾಕ್ಸಿನ ಚಕ್ರದ ಕಡೆ ತುದಿ ಜೋತಿದೆ. ಅಲ್ಲಿ ಜಾಕಿ ಕೂದಲೆಳೆಯಷ್ಟು ಎತ್ತು, ಬಾಕ್ಸನ್ನು ಹಿಡಿದು ಸ್ವಲ್ಪ ಅಲ್ಲಾಡಿಸುತ್ತಾ ತಳ್ಳು. ಗಾಡಿಗೆ ಹಿಡಿದಿಡುವ ಮೌಂಟ್ ಬಿಚ್ಚಿದ್ದರಿಂದ ಎಂಜಿನ್ನೂ ವಾಲಿರುತ್ತದೆ, ಅದರ ಕೆಳಗೂ ಆಸರೆ ಇರಲಿ. ನಡುವೆ ವೈರು ಸಿಕ್ಕಿಕೊಂಡಿದೆಯಾ, ಡೋವೆಲ್ ಪಿನ್ (ಎಂಜಿನ್, ಬಾಕ್ಸ್ ಎರಡನ್ನೂ ನೇರಕ್ಕೆ ತರುವ ಗೂಟ) ತನ್ನ ತೂತಿಗೆ ಎದುರಾಗಿದೆಯಾ, ಅದನ್ನೂ ನೋಡು. ಇಷ್ಟಾದರೂ ಬರದಿದ್ದರೆ ಬಾಕ್ಸ್ ಹಿಂದಕ್ಕೆ ತೆಗೆದು, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಸಡಿಲಿಸಿ, ಕ್ಲಚ್ ಕಿಟ್‌ನಲ್ಲಿ ಬಂದ ಪ್ಲಾಸ್ಟಿಕ್ ಅಲೈನ್‌ಮೆಂಟ್ ಟೂಲ್ ತೂರಿಸಿ ಪ್ಲೇಟ್ ಮತ್ತೆ ನಡುವಿಗೆ ತಾ. ಬೇಜಾರಾಗುತ್ತದೆ ನಿಜ, ಆದರೆ ಅದೇ ಸರಿ. ತೆಗೆದಾಗ ಹಲ್ಲಿಗೆ ಗ್ರೀಸ್ ತೆಳ್ಳಗೆ ಮಾತ್ರ ಸವರು. ಜಾಸ್ತಿಯಾದರೆ ಪ್ಲೇಟಿಗೆ ಸಿಡಿದು ಕ್ಲಚ್ ಜಾರುತ್ತದೆ.

ಒಂದು ವಿಷಯ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನಮ್ಮೂರ ಗ್ಯಾರೇಜಿನಲ್ಲಿ ಹುಡುಗ ಕೆಳಗೆ ಮಲಗಿ ಬಾಕ್ಸನ್ನು ಎದೆಯ ಮೇಲಿಟ್ಟುಕೊಂಡು ಎತ್ತುವುದನ್ನು ನೀನೂ ನೋಡಿರುತ್ತೀಯ. ನೀನು ಮಾಡಬೇಡ. ಒಬ್ಬನಿಗೆ ಆಗದ ಭಾರ ಅದು, ಅಲ್ಲಿ ಕೂಗಿದರೆ ನಾಲ್ಕು ಜನ ಬರುತ್ತಾರೆ, ಇಲ್ಲಿ ಪಕ್ಕದ ಮನೆಯವರಿಗೆ ನೀನು ಕಾರಿನ ಕೆಳಗಿದ್ದೀಯ ಅಂತಲೂ ಗೊತ್ತಿರೋದಿಲ್ಲ. ಗಾಡಿ ಸ್ಟ್ಯಾಂಡ್ ಮೇಲೆ ಇರಲೇಬೇಕು, ಬರೀ ಜಾಕಿ ಮೇಲಲ್ಲ.

ಇನ್ನು ಮೊದಲ ಪ್ರಶ್ನೆ. ಎಲ್ಲರೂ ಮಾಡಲ್ಲ, ಆದರೆ ಮಾಡುವವರು ಬಹಳ ಜನ ಇದ್ದಾರೆ, ಯಾಕಂದ್ರೆ ಕೂಲಿಯೇ ಗಂಟೆಗೆ 100 ಡಾಲರ್ ದಾಟುವ ಕಡೆಗಳು ಎಷ್ಟೋ ಇವೆ. ಬಿಡಿಭಾಗದ ಅಂಗಡಿಗಳಲ್ಲಿ ಡೆಪಾಸಿಟ್ ಇಟ್ಟರೆ ಎಷ್ಟೋ ಟೂಲ್ ಎರವಲು ಕೊಡುತ್ತಾರೆ, ವಾಪಸ್ ಕೊಟ್ಟಾಗ ದುಡ್ಡು ವಾಪಸ್. ಬಾಡಿಗೆ ಅಪಾರ್ಟ್‌ಮೆಂಟ್ ಆದರೆ ಕರಾರು ಪತ್ರ ಓದು, ಪಾರ್ಕಿಂಗ್‌ನಲ್ಲಿ ರಿಪೇರಿ ಮಾಡಬಾರದು ಅಂತ ಬಹಳ ಕಡೆ ಬರೆದಿರುತ್ತದೆ. ಹಳೇ ಆಯಿಲ್ ಚರಂಡಿಗೆ ಸುರಿಯಬೇಡ, ಅದೇ ಅಂಗಡಿಗಳಲ್ಲಿ ತೆಗೆದುಕೊಳ್ಳುತ್ತಾರೆ.

ಬಾಕ್ಸ್ ಕೂತ ಮೇಲೆ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡು. ಗೇರ್‌ಬಾಕ್ಸ್ ಆಯಿಲ್ ಹೋಂಡಾದ್ದೇ ಹಾಕು, ಗಾಡಿ ಮಟ್ಟಸವಾಗಿ ನಿಂತಿರುವಾಗ ತುಂಬುವ ತೂತಿನಿಂದ ಹೊರಗೆ ಬರುವಷ್ಟು. ಎಂಜಿನ್ ಆಫ್ ಇರುವಾಗಲೇ ಕ್ಲಚ್ ಒತ್ತಿ ಎಲ್ಲ ಗೇರೂ ಬೀಳುತ್ತವಾ ನೋಡು. ಪೆಡಲ್ ಮೆತ್ತಗಿದ್ದರೆ ಕ್ಲಚ್ ಫ್ಲೂಯಿಡ್ ಹೋಗುವ ಲೈನಿನಲ್ಲಿ ಗಾಳಿ ಇದೆ, ಬ್ಲೀಡ್ ಮಾಡಿ ಅದನ್ನು ಹೊರಗೆ ಹಾಕು.

ಶನಿವಾರದವರೆಗೆ ತಡೆದರೆ ನಾನೇ ಬರುತ್ತೇನೆ, ಗೇರ್‌ಬಾಕ್ಸ್ ಜಾಕಿ ನನ್ನ ಹತ್ತಿರ ಇದೆ. ಅಡ್ರೆಸ್ ಕಳಿಸು.