ಕಬ್ಬಿನ ರಸ ನೋಡುವ ಬೆಳಕು ಚರ್ಮವನ್ನೂ ನೋಡಬಲ್ಲುದೆ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನು. ಕಬ್ಬಿನ ರಸದ ಪೋಲ್ (ಬೆಳಕಿನ ತಿರುವಿನಿಂದ ತಿಳಿಯುವ ಸಕ್ಕರೆಯ ಪ್ರಮಾಣ) ನೋಡುವ ಮೊದಲು ಸೀಸದ ಲವಣ ಹಾಕಿ, ಸೋಸಿ, ತಿಳಿಯಾಗಿಸದಿದ್ದರೆ ಧ್ರುವೀಕೃತ ಬೆಳಕಿನಿಂದ, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕಿನಿಂದ, ಸರಿಯಾದ ಅಳತೆ ಸಿಗುತ್ತಿರಲಿಲ್ಲ. ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನ ಓದುತ್ತಿರುವ ಮೊಮ್ಮಗಳು ಅದೇ ಬೆಳಕಿನಿಂದ ರಕ್ತಕಣಗಳನ್ನೂ ಚರ್ಮವನ್ನೂ ಪರೀಕ್ಷಿಸುತ್ತಾರೆ ಎನ್ನುತ್ತಾಳೆ. ಸೋಸಲಾಗದ ಚರ್ಮದಿಂದ ಉತ್ತರ ಸಿಗುವುದು ಹೇಗೆ?
— ನಿವೃತ್ತ ನೌಕರರು, ಮಂಡ್ಯ

ಉತ್ತರ: ತಮ್ಮ ಪ್ರಶ್ನೆ ವಿಷಯದ ಮರ್ಮವನ್ನೇ ಮುಟ್ಟಿದೆ. ಸಕ್ಕರೆಯ ಅಣುಗಳು ಬೆಳಕಿನ ಕಂಪನದ ಸಮತಲವನ್ನು ಬಲಕ್ಕೆ ಎಷ್ಟು ತಿರುಗಿಸುತ್ತವೆ ಎಂಬುದನ್ನು ತಾವು ಅಳೆಯುತ್ತಿದ್ದಿರಿ. ರಸದ ಕದಡು ಬೆಳಕನ್ನು ಚದುರಿಸಿ ಆ ಅಳತೆಯನ್ನು ಕೆಡಿಸುತ್ತಿತ್ತು. ಜೀವಕೋಶಗಳ ಅಧ್ಯಯನದಲ್ಲಿ ಅಳೆಯುವುದು ಆ ಚದುರುವಿಕೆಯನ್ನೇ. ಚದುರಿ ಬಂದ ಬೆಳಕಿನಲ್ಲಿ ಧ್ರುವೀಕರಣ ಎಷ್ಟು ಉಳಿದಿದೆ, ಹೇಗೆ ಬದಲಾಗಿದೆ ಎಂಬುದು ಕಣದ ಗಾತ್ರ, ಆಕಾರ ಮತ್ತು ಒಳರಚನೆಯನ್ನು ಅವಲಂಬಿಸಿರುತ್ತದೆ.

ರಕ್ತಕಣಗಳನ್ನು ಲೇಸರ್ ಕಿರಣದ ಎದುರು ಒಂದೊಂದಾಗಿ ಹರಿಸಿ ಎಣಿಸುವ ಕೆಲವು ಯಂತ್ರಗಳು ಈ ಗುಣವನ್ನು ಬಳಸುತ್ತವೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣದೊಳಗಿನ ಹರಳಿನಂಥ ಕಾಳುಗಳು ಧ್ರುವೀಕರಣವನ್ನು ಕೆಡಿಸುವುದರಿಂದ ಅದು ಉಳಿದವುಗಳಿಂದ ಬೇರೆಯಾಗಿ ಕಾಣುತ್ತದೆ. ಮಲೇರಿಯ ಪರೋಪಜೀವಿಯು ಹಿಮೋಗ್ಲೋಬಿನ್ ತಿಂದು ಬಿಡುವ ಹೀಮೋಜೋಯಿನ್ ಹರಳುಗಳೂ ಹೀಗೆಯೇ ವರ್ತಿಸುತ್ತವೆ. ಆದ್ದರಿಂದ ಬೇರೆ ಕಾರಣಕ್ಕೆ ಕೊಟ್ಟ ರಕ್ತದಲ್ಲೂ ಮಲೇರಿಯದ ಸುಳಿವು ಸಿಕ್ಕಿದ್ದುಂಟು. ಅದು ಸುಳಿವು ಮಾತ್ರ. ಖಚಿತಪಡಿಸಲು ಸೂಕ್ಷ್ಮದರ್ಶಕದಡಿ ರಕ್ತಲೇಪನವನ್ನು ನೋಡಲೇಬೇಕು.

ಚರ್ಮದ ವಿಷಯ ಇನ್ನೂ ಸ್ವಾರಸ್ಯಕರವಾದದ್ದು. ಒಳಹೊಕ್ಕ ಬೆಳಕಿನಲ್ಲಿ ಮೇಲ್ಪದರದಿಂದಲೇ ಒಂದೆರಡು ಸಲ ಚದುರಿ ಮರಳಿದ ಪಾಲು ತನ್ನ ಧ್ರುವೀಕರಣವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ. ಆಳಕ್ಕಿಳಿದು ಹಲವು ಸಲ ಚದುರಿದ ಪಾಲು ಅದನ್ನು ಕಳೆದುಕೊಂಡಿರುತ್ತದೆ. ಆದ್ದರಿಂದ ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಹಾಯಗೊಡುವ ಶೋಧಕವನ್ನು (ಫಿಲ್ಟರ್) ಮೊದಲು ಬೆಳಕಿನ ಕಂಪನಕ್ಕೆ ಸಮಾಂತರವಾಗಿಯೂ ಆಮೇಲೆ ಅಡ್ಡವಾಗಿಯೂ ಇರಿಸಿ ಎರಡು ಚಿತ್ರ ತೆಗೆದು, ಒಂದರಿಂದ ಇನ್ನೊಂದನ್ನು ಕಳೆದರೆ ಆಳದ ಬೆಳಕು ಎರಡರಲ್ಲೂ ಸಮನಾಗಿರುವುದರಿಂದ ಅಳಿಸಿಹೋಗಿ, ಮೇಲ್ಪದರದ ಚಿತ್ರ ಉಳಿಯುತ್ತದೆ. ಸೋಸುವ ಕೆಲಸವನ್ನು ಇಲ್ಲಿ ವ್ಯವಕಲನ ಮಾಡುತ್ತದೆ. ಚರ್ಮದ ಹೊಳಪೂ ಧ್ರುವೀಕರಣವನ್ನು ಉಳಿಸಿಕೊಳ್ಳುವುದರಿಂದ, ಜೆಲ್ ಹಚ್ಚಿದ ಗಾಜನ್ನು ಮೇಲಿಟ್ಟು ಬೆಳಕನ್ನು ಓರೆಯಾಗಿ ಬಿಡುವ ಎಚ್ಚರ ಬೇಕು. ಬಹುಪಾಲು ಕ್ಯಾನ್ಸರ್‌ಗಳು ಹೊದಿಕೆಯ ಪದರದ ಕೋಶಗಳಲ್ಲಿ ಹುಟ್ಟುತ್ತವೆ, ಅಲ್ಲಿ ಕೋಶಕೇಂದ್ರಗಳು ಹಿಗ್ಗುವುದು ಮೊದಲ ಬದಲಾವಣೆಗಳಲ್ಲೊಂದು. ಈ ವಿಧಾನ ಕ್ಯಾನ್ಸರನ್ನು ಬೇಗ ಗುರುತಿಸೀತೆಂದು ನನಗಿರುವ ಭರವಸೆಗೆ ಅದೇ ಕಾರಣ.

ತಾವು ಒಂದು ಕೋನವನ್ನು ಬರೆದುಕೊಳ್ಳುತ್ತಿದ್ದಿರಿ. ಇಲ್ಲಿ ಬೆಳಕಿನ ಸ್ಥಿತಿಯನ್ನು ಭೌತವಿಜ್ಞಾನಿ ಸ್ಟೋಕ್ಸ್ 1852ರಲ್ಲಿ ಸೂಚಿಸಿದ 4 ಸಂಖ್ಯೆಗಳಲ್ಲಿ ಬರೆಯುತ್ತಾರೆ. ಅಂಗಾಂಶವು ಆ ಸ್ಥಿತಿಯನ್ನು ಬದಲಿಸುವ ಬಗೆಯನ್ನು ಪೂರ್ತಿ ಹೇಳಲು 16 ಸಂಖ್ಯೆಗಳನ್ನು ಸಾಲು-ಕಂಬಗಳಲ್ಲಿ ಜೋಡಿಸಿದ ಮುಲ್ಲರ್ ಮಾತೃಕೆ ಬೇಕು. ಧ್ರುವೀಕೃತ ಬೆಳಕಿನ ಬಗ್ಗೆ 1956ರಲ್ಲಿ ಮಹತ್ವದ ಪ್ರಬಂಧ ಪ್ರಕಟಿಸಿದ ಭೌತವಿಜ್ಞಾನಿ ಎಸ್. ಪಂಚರತ್ನಂ 1960ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಅಧ್ಯಾಪಕರಾಗಿದ್ದರೆಂಬುದನ್ನು ಮೊಮ್ಮಗಳಿಗೆ ದಯವಿಟ್ಟು ತಿಳಿಸಿ.

ಸೂಜಿ ಚುಚ್ಚದೆ ರಕ್ತದ ಸಕ್ಕರೆಯನ್ನು ಹೀಗೆ ಅಳೆಯಬಹುದೇ ಎಂಬುದು ತಮಗೆ ಸಹಜವಾಗಿ ಹೊಳೆಯುವ ಮುಂದಿನ ಪ್ರಶ್ನೆ. ಡೆಸಿಲೀಟರಿಗೆ 100 ಮಿಲಿಗ್ರಾಂ ಗ್ಲೂಕೋಸ್ ಇದ್ದರೆ ಒಂದು ಸೆಂಟಿಮೀಟರ್ ಹಾದಿಯಲ್ಲಿ ಬೆಳಕು ತಿರುಗುವುದು ಸುಮಾರು 0.005 ಡಿಗ್ರಿ ಮಾತ್ರ, ಮತ್ತು ಚರ್ಮದ ಚದುರುವಿಕೆಯಲ್ಲಿ ಅಷ್ಟು ಸಣ್ಣ ತಿರುವು ಮುಳುಗಿಹೋಗುತ್ತದೆ. ಹಾಗಾಗಿ ಸಂಶೋಧಕರು ಈ ಅಳತೆಗೆ ಚರ್ಮವನ್ನು ಬಿಟ್ಟು ಕಣ್ಣಿನ ಮುಂಭಾಗದ ದ್ರವವನ್ನು ಆರಿಸಿಕೊಂಡಿದ್ದಾರೆ. ತಾವು ಸೋಸಿ ತೆಗೆಯುತ್ತಿದ್ದ ರಸದಂತೆ ಅದು ತಾನಾಗಿಯೇ ತಿಳಿಯಾಗಿದೆ.