ಮುಖಪುಟ ಮೊದಲು ಯಾರಿಗೆ ತೋರಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು: ಹದಿಹರೆಯದವರಿಗಾಗಿ ಬರೆದ ನಿಮ್ಮ ಮೊದಲ ಕಾದಂಬರಿ ಬರಲು ಇನ್ನೆರಡು ತಿಂಗಳಿದೆ, ಪ್ರಕಾಶಕರು ಮುಖಪುಟ ಕಳಿಸಿದ್ದಾರೆ, ಈಗಲೇ ಫೇಸ್‌ಬುಕ್ಕಿಗೆ ಹಾಕಲೋ, ಬಿಡುಗಡೆಯವರೆಗೆ ಕಾಯಲೋ?

ಹಾಕಿ, ಆದರೆ ಇವತ್ತೇ ಬೇಡ. ಹದಿನಾಲ್ಕು-ಹದಿನೈದು ವರ್ಷದ ಮೂವರಿಗೆ ಮೊದಲು ತೋರಿಸಿ. ಹಾಗೆ ಮಾಡದೆ ಪೇಚಿಗೆ ಸಿಕ್ಕವಳು ನಾನು, ಅದನ್ನೇ ಹೇಳುತ್ತೇನೆ.

ನನ್ನ ಕಾದಂಬರಿಯ ಹುಡುಗಿ ಹೊನ್ನಾವರದ ಕಡೆಯವಳು. ಶರಾವತಿ ಸಮುದ್ರ ಸೇರುವಲ್ಲಿ ಅಪ್ಪನ ದೋಣಿ ಹತ್ತಿ ಇಳಿದು ಬೆಳೆದವಳು. ಕಪ್ಪು ಮೈಬಣ್ಣ, ಎಣ್ಣೆ ಹಾಕಿ ಬಿಗಿದ ಜಡೆ. ಶಾಲೆಯ ನಾಟಕದಲ್ಲಿ ರಾಜಕುಮಾರಿಯ ಪಾತ್ರ ಅವಳ ಕೈತಪ್ಪಿದ್ದು ಆ ಬಣ್ಣದ ದೆಸೆಯಿಂದ, ಕಥೆ ಶುರುವಾಗುವುದೇ ಅಲ್ಲಿಂದ. ಒಂದು ರಾತ್ರಿ ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ಮುಖಪುಟ ಬಂತು. ಸೂರ್ಯಾಸ್ತ, ತೆಂಗಿನಮರ, ಅಲೆ, ಅದರೆದುರು ಕೂದಲು ಬಿಟ್ಟುಕೊಂಡು ನಿಂತ ಹಾಲುಬಣ್ಣದ ಹುಡುಗಿ. ಕೆಳಗೆ ನನ್ನ ಹೆಸರು ದಪ್ಪಕ್ಷರದಲ್ಲಿ. ನಿಜ ಹೇಳುತ್ತೇನೆ, ನಾನು ಹುಡುಗಿಯನ್ನು ನೋಡಲೇ ಇಲ್ಲ, ಹೆಸರು ನೋಡಿದೆ. ಹತ್ತೇ ನಿಮಿಷದಲ್ಲಿ ಫೇಸ್‌ಬುಕ್ಕಿಗೆ ಹಾಕಿಬಿಟ್ಟೆ.

‘ಅಭಿನಂದನೆಗಳು ಮೇಡಂ’, ‘ಚೆಂದದ ಮುಖಪುಟ’, ಸಾಲು ಸಾಲು ಹೂಗುಚ್ಛ. ಬೆಳಿಗ್ಗೆ ತಂಗಿಯ ಮಗಳ ಫೋನು. ಒಂಬತ್ತನೇ ಕ್ಲಾಸಿನವಳು. ನಮ್ಮ ಬಳಗದಲ್ಲಿ ಹಸ್ತಪ್ರತಿ ಓದಿದ್ದವಳು ಅವಳೊಬ್ಬಳೇ.

“ದೊಡ್ಡಮ್ಮಾ, ಇದ್ಯಾರು?”

“ಅವಳೇ ಕಣೇ, ನಮ್ಮ ಹುಡುಗಿ.”

“ಅಲ್ಲಪ್ಪ. ನಾಟಕದಲ್ಲಿ ಆ ಪಾರ್ಟು ಇನ್ನೊಬ್ಬಳಿಗೆ ಸಿಗ್ತಲ್ಲ, ಇವಳು ಅವಳು.”

ಏನು ಹೇಳಲಿ? ಕಲಾವಿದರನ್ನು ದೂರುವಂತೆಯೂ ಇರಲಿಲ್ಲ. ‘ಕರಾವಳಿ, ಹದಿನೈದರ ಹುಡುಗಿ, ಸಮುದ್ರ’ ಎಂಬ ಒಂದು ಸಾಲು ಬಿಟ್ಟರೆ ಅವರಿಗೆ ಬೇರೇನೂ ಸಿಕ್ಕಿರಲಿಲ್ಲ. ಹಸ್ತಪ್ರತಿ ಅವರಿಗೆ ಹೋಗಿದೆಯೇ ಎಂದು ನಾನೂ ವಿಚಾರಿಸಿರಲಿಲ್ಲ.

ಇದು ನನ್ನೊಬ್ಬಳ ಕಥೆಯಲ್ಲ ಎಂದು ಆಮೇಲೆ ತಿಳಿಯಿತು. 2009ರಲ್ಲಿ ಆಸ್ಟ್ರೇಲಿಯಾದ ಲೇಖಕಿ ಜಸ್ಟೀನ್ ಲಾರ್ಬಲೆಸ್ಟಿಯರ್ ಅವರ ಹದಿಹರೆಯದವರ ಕಾದಂಬರಿ ‘ಲಯರ್’ಗೆ ಅಮೆರಿಕದ ಆವೃತ್ತಿಯಲ್ಲಿ ಹೀಗೇ ಆಗಿತ್ತು. ಕಥೆ ಹೇಳುವ ಹುಡುಗಿ ಕಪ್ಪು ಜನಾಂಗದವಳು, ಗಿಡ್ಡ ಕೂದಲಿನವಳು. ಮುಖಪುಟದಲ್ಲಿದ್ದದ್ದು ಉದ್ದ ನೇರ ಕೂದಲಿನ ಬಿಳಿ ಹುಡುಗಿ. ಲೇಖಕಿ ಇದು ತನಗೆ ಒಪ್ಪಿಗೆಯಿಲ್ಲ ಎಂದು ಬಹಿರಂಗವಾಗಿಯೇ ಬರೆದರು, ಓದುಗರೂ ಗದ್ದಲ ಎಬ್ಬಿಸಿದರು. ಕೊನೆಗೆ ಪ್ರಕಾಶನ ಸಂಸ್ಥೆ ಬ್ಲೂಮ್ಸ್‌ಬರಿ, ಪುಸ್ತಕ ಅಂಗಡಿಗೆ ಬರುವ ಮೊದಲೇ, ಮುಖಪುಟ ಬದಲಿಸಿತು. ಅವರಿಗೆ ಓದುಗರ ದಂಡು ಬೆನ್ನಿಗಿತ್ತು, ನನಗೆ ಒಂಬತ್ತನೇ ಕ್ಲಾಸಿನ ಒಬ್ಬಳು.

ಪ್ರಕಾಶಕರು ಗೊಣಗಿದರೂ ಒಪ್ಪಿದರು, ಇನ್ನೂ ಅಚ್ಚಿಗೆ ಹೋಗಿರಲಿಲ್ಲವಾದ್ದರಿಂದ. ಈ ಸಲ ಕಲಾವಿದರಿಗೆ ಮೊದಲ ಮೂರು ಅಧ್ಯಾಯ ನಾನೇ ಕಳಿಸಿದೆ. ಬಂದದ್ದು ಬೇರೆಯೇ ಚಿತ್ರ: ಬೆನ್ನು ತಿರುಗಿಸಿ ನಿಂತ ಹುಡುಗಿ, ಒದ್ದೆ ಜಡೆ, ಹೆಗಲ ಮೇಲೆ ದೋಣಿಯ ಹುಟ್ಟು. ತಂಗಿಯ ಮಗಳಿಗೂ ಅವಳ ಇಬ್ಬರು ಸಹಪಾಠಿಗಳಿಗೂ ತೋರಿಸಿದೆ. ಅದರಲ್ಲೊಬ್ಬ ಹುಡುಗ, “ಚಿತ್ರ ಸೂಪರ್, ಅಕ್ಷರ ಮಾತ್ರ ಸಮಾಜ ವಿಜ್ಞಾನದ ಪುಸ್ತಕದ್ದು” ಅಂದ. ಅಕ್ಷರವನ್ನೂ ಕೈಬರಹದಲ್ಲಿ ಮಾಡಿಸಿದೆವು.

ಅಕ್ಷರದ ಮಾತು ಬಂತಲ್ಲ, ಶೀರ್ಷಿಕೆಯನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿ. ನನ್ನ ಶೀರ್ಷಿಕೆಯಲ್ಲಿ ‘ಉಪ್ಪು’ ಇದೆ. ಒಂದು ಕರಡಿನಲ್ಲಿ ಒತ್ತು ಕೆಳಗಿಳಿಯದೆ ‘ಉಪ್‌ಪು’ ಎಂದು ಪಕ್ಕಕ್ಕೆ ಕೂತಿತ್ತು. ಚಿತ್ರ ಮಾಡುವ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆ ಹಾಕಿರದಿದ್ದರೆ ಹೀಗಾಗುತ್ತದೆ. ಕನ್ನಡ ಬಾರದ ವಿನ್ಯಾಸಕರಿಗೆ ಅದು ತಪ್ಪೆಂದು ಗೊತ್ತೂ ಆಗುವುದಿಲ್ಲ. ಒತ್ತು ಸರಿಯಾದ ಮೇಲೆ ಅದರ ಬಾಲ ಕೆಳಗಿನ ಸಾಲಿನ ನನ್ನ ಹೆಸರಿಗೆ ತಾಗುತ್ತಿತ್ತು, ಅದು ಬೇರೆ ರಗಳೆ.

ಇನ್ನು ಹಂಚುವ ವಿಚಾರ. ನೀವು ಬರೆದದ್ದು ಯಾರಿಗೋ ಅವರು ಫೇಸ್‌ಬುಕ್ಕಿನಲ್ಲಿ ಹೆಚ್ಚಾಗಿ ಇರುವುದಿಲ್ಲ. ಅಲ್ಲಿರುವುದು ಅಪ್ಪ-ಅಮ್ಮ, ಮೇಷ್ಟ್ರು, ಲೈಬ್ರರಿಯವರು, ಮತ್ತೆ ನಮ್ಮಂಥ ಬರಹಗಾರರು. ದುಡ್ಡು ಕೊಟ್ಟು ಕೊಳ್ಳುವವರೂ ಅವರೇ, ಹಾಗಾಗಿ ಹಾಕುವುದು ವ್ಯರ್ಥವಲ್ಲ. ಆದರೆ ಅವರಿಗೆ ‘ಹದಿಹರೆಯದವರ ಕಾದಂಬರಿ’ ಎಂದರೆ ಏನೆಂದೇ ಗೊಂದಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 9ರಿಂದ 16 ವರ್ಷದವರನ್ನು ಒಂದೇ ಬುಟ್ಟಿಗೆ ಹಾಕುತ್ತದೆ. ಮುಖಪುಟ ತೀರಾ ಕಾರ್ಟೂನಿನಂತಿದ್ದರೆ ಅಂಗಡಿಯವರು ಪಂಚತಂತ್ರದ ಪಕ್ಕ ಇಡುತ್ತಾರೆ, ಹದಿನೈದರ ಹುಡುಗ ಅತ್ತ ತಲೆಯೂ ಹಾಕುವುದಿಲ್ಲ. ಅದಕ್ಕೇ ಹಂಚುವಾಗ ಚಿತ್ರದ ಜೊತೆ ಎರಡು ಸಾಲು ಬರೆಯಿರಿ: ಎಷ್ಟು ವಯಸ್ಸಿನವರಿಗೆ, ಯಾರ ಕಥೆ. ‘ನನ್ನ ಹೊಸ ಪುಸ್ತಕ, ನಿಮ್ಮ ಹಾರೈಕೆ ಇರಲಿ’ ಎಂದಷ್ಟೇ ಬರೆದರೆ ಹಾರೈಕೆ ಮಾತ್ರ ಬರುತ್ತದೆ.

ಮುಂಭಾಗವಷ್ಟೇ ಸಾಕು. ಪುಟಗಳ ಲೆಕ್ಕ ಅಖೈರಾಗದೆ ಬೆನ್ನಿನ ದಪ್ಪ ಗೊತ್ತಾಗುವುದಿಲ್ಲ, ಬೆನ್ನುಡಿ ಬರೆಯಬೇಕಾದ ಹಿರಿಯರು ಇನ್ನೂ ಓದುತ್ತಲೇ ಇರುತ್ತಾರೆ. ಫೋನಿನಲ್ಲಿ ಹೊಳೆಯುವ ನೀಲಿ ಅಚ್ಚಿನಲ್ಲಿ ಮಂಕಾಗುತ್ತದೆ, ಮೊದಲ ಪ್ರತಿ ಕೈಗೆ ಬಂದಾಗ ಗಾಬರಿಯಾಗಬೇಡಿ. ಕಲಾವಿದರ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿ. ಕನ್ನಡ ಪುಸ್ತಕ ಪ್ರಾಧಿಕಾರವೇ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟದ ಕಲೆಗೆಂದು ಪ್ರತ್ಯೇಕ ಬಹುಮಾನ ಇಟ್ಟಿದೆ, ನಮ್ಮ ಪೋಸ್ಟುಗಳಲ್ಲಿ ಮಾತ್ರ ಅವರು ಅನಾಮಿಕರು.

ದಿನಾಂಕ ಕೇಳಿದಿರಿ. ಪುಸ್ತಕ ಕಾಯ್ದಿರಿಸುವ ಕೊಂಡಿ ಸಿದ್ಧವಾದ ದಿನ ಹಾಕಿ. ಎರಡು ತಿಂಗಳು ಮೊದಲೇ ಹಾಕಿದರೆ ‘ಎಲ್ಲಿ ಸಿಗುತ್ತೆ?’ ಎಂದು ಕೇಳಿದವರಿಗೆ ‘ಸದ್ಯದಲ್ಲೇ’ ಎನ್ನುತ್ತ ಕೂರಬೇಕು. ಪುಸ್ತಕ ಬರುವಷ್ಟರಲ್ಲಿ ಅವರು ಮರೆತಿರುತ್ತಾರೆ.

ನನ್ನ ಆ ಹಳೆಯ ಪೋಸ್ಟನ್ನು ಅಳಿಸಿಲ್ಲ, ಅಳಿಸಬೇಡ ಎಂದವಳು ತಂಗಿಯ ಮಗಳು. ಹಾಲುಬಣ್ಣದ ಹುಡುಗಿ ಇನ್ನೂ ಸೂರ್ಯಾಸ್ತದೆದುರು ನಿಂತಿದ್ದಾಳೆ. ಹೋದ ತಿಂಗಳು ಯಾರೋ ಅದರ ಕೆಳಗೆ ಬರೆದಿದ್ದರು: ‘ಅಭಿನಂದನೆಗಳು ಮೇಡಂ, ಬಿಡುಗಡೆ ಯಾವಾಗ?’